ಐವತ್ತೆರಡರ ಹಿಂದಿನ ಬಾಗಿಲು

"ಮೂರು ಜೋಡಿ ಅಂತ ಬರಕೋರಿ, ಅಕ್ಕೋರ," ಎಂದರು ಶಾಂತಲಿಂಗಪ್ಪ ಸಾವ್ಕಾರರು. "ನಾನು ನಮ್ಮಾಕಿ ಒಂದು. ಹಿರಿಮಗ ಶಿವಪ್ರಕಾಶ, ಅವನ ಹೆಂಡ್ತಿ ಒಂದು. ಸಣ್ಣಾಂವ ಅನೀಲಕುಮಾರ, ಅವನ ಹೆಂಡ್ತಿ ಒಂದು. ಮೂರಾತಲ್ಲ?"

ಜಯಮಾಲಾ ಮೊಬೈಲಿನಲ್ಲಿ ಮೂರನ್ನು ಒತ್ತಿದಳು. ಒತ್ತಿದ್ದು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಪರದೆಯನ್ನು ಸೆರಗಿನ ನೆರಳಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಒಟ್ಟು ಜನ ಒಂಬತ್ತು, ವಿವಾಹಿತ ದಂಪತಿಗಳು ಮೂರು. ನೆಲ ಶಹಾಬಾದ್ ಕಲ್ಲಿನ ಪರಸಿ, ಗೋಡೆ ಕಲ್ಲು, ಮೇಲೆ ಮಣ್ಣಿನ ಮಾಳಿಗೆ. ನೀರು ನಲ್ಲಿಯದು, ಎರಡು ದಿನಕ್ಕೊಮ್ಮೆ. ಬೇಸಿಗೆ ರಜೆ ಶುರುವಾದ ಮೇಲೆ ಜನಗಣತಿಗೆಂದು ಖಜೂರಿಯ ಐವತ್ತೊಂದು ಮನೆಗಳಲ್ಲಿ ಇದೇ ಪ್ರಶ್ನೆಗಳನ್ನು ಕೇಳಿ ಅವಳ ನಾಲಿಗೆ ಒಣಗಿತ್ತು. ಇದು ಐವತ್ತೆರಡನೆಯದು.

"ಮನೆಯಲ್ಲಿ ಮುಖ್ಯವಾಗಿ ಯಾವ ಧಾನ್ಯ ಉಣ್ತೀರಿ?"

ಸಾವ್ಕಾರರು ನಕ್ಕರು. "ಜ್ವಾಳದ ರೊಟ್ಟಿ ತಿನ್ನದ ಮನಿ ನಮ್ಮ ಊರಾಗ ಯಾವುದದ? ಅದೂ ಗೊತ್ತಿಲ್ಲೇನು ಸರ್ಕಾರಕ್ಕ?"

"ಎಲ್ಲಾರಿಗೂ ಕೇಳಬೇಕ್ರಿ. ಅಡಿಗಿ ಎಲ್ಲಾರದೂ ಒಂದೇ ಕಡಿ ಏನ್ರಿ?"

"ಒಂದೇ ಒಲಿ." ಅವರು ಕುರ್ಚಿಯಲ್ಲಿ ನೆಟ್ಟಗಾದರು. "ನಮ್ಮ ಮುತ್ಯಾನ ಕಾಲದಿಂದ ಒಂದೇ ಒಲಿ. ಊರಾಗ ಅಣ್ಣತಮ್ಮರು ಬ್ಯಾರಿ ಆಗತೇವಿ ಅಂತ ನನ್ನ ಕಟ್ಟಿಗೇ ಬರ್ತಾರ. ನಾ ಏನು ಹೇಳ್ತೇನಿ ಗೊತ್ತದೇನು? ಹೊಲ ಬೇಕಾದ್ರ ಹರಕೋರಿ, ಒಲಿ ಹರೀಬ್ಯಾಡ್ರಿ ಅಂತೇನಿ."

ಒಳಗಿನಿಂದ ಅವರ ಹೆಂಡತಿ ಸುಭದ್ರಾಬಾಯಿ ಚಹಾ ತಂದರು. ಗಂಡನ ಕೊನೆಯ ಮಾತು ಕೇಳಿ ಹೊಸ್ತಿಲಲ್ಲೇ ಒಂದು ಕ್ಷಣ ನಿಂತರು. ಆಮೇಲೆ ಬಂದು ಜಯಮಾಲಾಳ ಕೈಗೆ ಕಪ್ಪು-ಬಸಿ ಕೊಟ್ಟು ಒಳಗೆ ಹೋದರು.

ಚಹಾ ಕುಡಿಯುವಾಗ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅಡುಗೆಮನೆಯಿಂದ ಬರುತ್ತಿದ್ದುದು ನಿಧಾನದ ಬಡಿತ. ಅದರ ನಡುನಡುವೆ ಇನ್ನೊಂದು ಬಡಿತ, ಜೋರಾಗಿ, ಬಿರುಸಾಗಿ, ತನ್ನ ಬೆನ್ನ ಹಿಂದಿನ ಗೋಡೆಯ ಆಚೆಯಿಂದ ಬರುತ್ತಿದೆ ಎಂದು ಅವಳಿಗೆ ಅನ್ನಿಸಿತು. ಹಳೆಯ ವಾಡೆ, ದಪ್ಪ ಗೋಡೆ, ಸಪ್ಪಳ ತಿರುಗಿ ಬರುತ್ತಿರಬೇಕು ಎಂದುಕೊಂಡಳು. ಆಳಂದದ ತರಬೇತಿಯಲ್ಲಿ ಹೇಳಿದ್ದರು: ಸಂಖ್ಯೆ ಬರೆಯುವ ಮೊದಲು ಕಟ್ಟಡದ ಸುತ್ತ ಒಂದು ಸುತ್ತು ಹಾಕಿ. ಬೇರೆ ಬಾಗಿಲಿದ್ದರೆ ಬೇರೆ ಮನೆ, ಬೇರೆ ಒಲೆ ಇದ್ದರೆ ಬೇರೆ ಕುಟುಂಬ; ಒಂದೇ ಕಟ್ಟಡದಲ್ಲಿ ಎರಡು ಮನೆಯಿದ್ದರೆ ಸಂಖ್ಯೆಯ ಪಕ್ಕ ಕಂಸದಲ್ಲಿ ಒಂದು, ಎರಡು. ಅವಳು ಆ ಮಾತನ್ನು ವಹಿಯಲ್ಲಿ ಬರೆದುಕೊಂಡು ಅಡಿಗೆರೆ ಎಳೆದಿದ್ದಳು. ಐವತ್ತೊಂದು ಮನೆಗಳಿಗೂ ಸುತ್ತು ಹಾಕಿದ್ದಳು. ಆದರೆ ಈ ಮನೆಯ ಯಜಮಾನರು ಅವಳು ಕಲಿಸುವ ಶಾಲೆಯ ಸಮಿತಿಗೆ ಅಧ್ಯಕ್ಷರು. ಅವರು ಬಾಯಿಬಿಟ್ಟು ಒಂದೇ ಒಲೆ ಎಂದ ಮೇಲೆ ಎದ್ದು ಹಿತ್ತಲಿಗೆ ಹೋಗಿ ನೋಡುವುದೆಂದರೆ ನಿಮ್ಮ ಮಾತು ನಂಬಲಿಲ್ಲ ಎಂದಂತೆ. ಚಹಾ ಬೇರೆ ಕುಡಿದಾಗಿತ್ತು.

ಬಾಗಿಲ ಚೌಕಟ್ಟಿನ ಪಕ್ಕ ಕೆಂಪು ಮಾರ್ಕರಿನಿಂದ ೫೨ ಎಂದು ಬರೆದು, ಮೊಬೈಲಿನಲ್ಲಿ ಕಳಿಸು ಎಂಬ ಕಡೆ ಒತ್ತಿದಳು.

ಅದಾದ ಮೇಲೆ ಏಳು ಮನೆ ಮುಗಿಸಿದಳು. ಒಂದೂ ಮನಸ್ಸಿಟ್ಟು ಮುಗಿಸಿದಂತೆ ಅನ್ನಿಸಲಿಲ್ಲ. ಐವತ್ತೈದರಲ್ಲಿ ಸೈಕಲ್ ಕೇಳಿದಳೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗಿ ಕೇಳಿದಳು. ಕೇಳಿದ್ದಳು, ಅವರು ಹೇಳಿಯೂ ಇದ್ದರು. "ಬಿಸಿಲು ಬಾಳ ಹತ್ತೇದ ನಿಮಗ," ಎಂದು ಆ ಮನೆಯ ಮುದುಕಿ ನೀರು ಕೊಟ್ಟಳು.

ಸಂಜೆ ಐದಕ್ಕೆ ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತ ಸೊಹೇಲನ ಢಾಬಾದ ಮುಂದಿನ ಬೆಂಚಿನಲ್ಲಿ ಕೂತಳು. ಮಹಾರಾಷ್ಟ್ರದ ಕಡೆಯಿಂದ ಬಂದ ಲಾರಿಗಳು ಸಾಲಾಗಿ ನಿಂತಿದ್ದವು. ಗಡಿ ಹತ್ತಿರವಾದ್ದರಿಂದ ಅವಳ ಮೊಬೈಲು ಇಲ್ಲಿ ಗಳಿಗೆಗೊಮ್ಮೆ ಆಚೆ ರಾಜ್ಯದ ಟವರಿಗೆ ಜಿಗಿಯುತ್ತಿತ್ತು. ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಅಂದು ಹನ್ನೊಂದನೇ ಸಲ ಬಂತು.

ಸೊಹೇಲ ಹಣದ ಗಲ್ಲೆಯ ಪಕ್ಕದ ಬಿದಿರಬುಟ್ಟಿಯ ಬಟ್ಟೆ ಸರಿಸಿ ಖಡಕ್ ರೊಟ್ಟಿ ಹೊಂದಿಸುತ್ತಿದ್ದ. ಅಂಚು ಒಡೆಯದ, ಒಂದೇ ಅಳತೆಯ ತೆಳ್ಳನೆಯ ರೊಟ್ಟಿಗಳು.

"ಚೆಂದ ಅದಾವ ನೋಡು. ಯಾರು ಮಾಡ್ತಾರ?" ಎಂದು ಜಯಮಾಲಾ ಮಾತಿಗೆ ಕೇಳಿದಳು.

"ನಿಮಗ ಗೊತ್ತಿಲ್ಲೇನ್ರಿ ಅಕ್ಕೋರ? ಸಾವ್ಕಾರ್ರ ಸಣ್ ಸೊಸಿ, ಭುವನೇಶ್ವರಿಬಾಯಿ. ದಿನಾ ಎರಡನೂರು. ಸೋಲಾಪುರ ದಾಟಿದ ಕೂಡಲೇ ಡ್ರೈವರ್ಗೋಳು ಫೋನ್ ಮಾಡ್ತಾರ, ಅರೇ ಭಾಯ್, ರೊಟ್ಟಿ ತೆಗೆದಿಡು ಅಂತ. ನನಗ ಹ್ಯಾಂಗಿದ್ದಿ ಅಂತ ಒಬ್ಬಾಂವನೂ ಕೇಳಂಗಿಲ್ಲ."

"ಸಾವ್ಕಾರ್ರ ಮನ್ಯಾಗ ಮಾಡಿ ಮಾರ್ತಾರ?"

"ತೌಬಾ!" ಸೊಹೇಲ ಕಿವಿ ಮುಟ್ಟಿಕೊಂಡ. "ಅದು ದಾಸೋಹದ ಮನಿ. ಆ ಒಲಿ ಮ್ಯಾಲಿನ ರೊಟ್ಟಿ ನೀಡಬೇಕು, ಮಾರಂಗಿಲ್ಲ ಅಂದ್ರಂತ ಸಾವ್ಕಾರ್ರು. ಆಕೀನೂ ಗಟ್ಟಿ. ಹಂಗಾದ್ರ ನಿಮ್ಮ ಒಲಿ ನಿಮಗಿರಲಿ ಅಂದು, ಹಿಂದ ದನದ ಕೊಟ್ಟಿಗಿ ಖಾಲಿ ಬಿದ್ದಿತ್ತಲ್ರಿ, ಅಲ್ಲಿ ಅಲಗ ಒಲಿ ಹೂಡಿದಳು. ಅಲ್ಲೇ ಉಣ್ತಾಳ, ಅಲ್ಲೇ ಮಲಗ್ತಾಳ, ಮಗಳ್ನ ಕರಕೊಂಡು. ಎರಡು ವರ್ಷ ಆತು."

ಜಯಮಾಲಾಳ ಕೈ ಬ್ಯಾಗಿನೊಳಗಿನ ಮೊಬೈಲಿನ ಮೇಲೆ ಹೋಯಿತು. "ಮತ್ತ ಅನೀಲಕುಮಾರ?"

ಸೊಹೇಲ ಲಾರಿಗಳ ಕಡೆ ನೋಡಿದ. "ಗಡಿ ಆಚಿ ಬಾರ್ಶಿಯಾಗ ಅದಾನ್ರಿ. ಗ್ಯಾರೇಜ ಅದ. ಮನಿ ಅದ. ಎಲ್ಲಾ ಅಲ್ಲೇ." ಸ್ವಲ್ಪ ಬಿಟ್ಟು ದನಿ ತಗ್ಗಿಸಿದ. "ಎಲ್ಲಾ ಅಂದ್ರ ಎಲ್ಲಾ. ಇನ್ನೊಬ್ಬಾಕಿ ಅದಾಳ. ಊರಿಗೆಲ್ಲ ಗೊತ್ತು, ಯಾರೂ ಮಾತಾಡಂಗಿಲ್ಲ. ನಾನೂ ಹೇಳಿಲ್ಲ, ಹಾಂ!"

ಬಸ್ಸು ಹತ್ತಿದ ಮೇಲೂ ಅವಳ ಕಿವಿಯಲ್ಲಿ ಆ ಎರಡು ಬಡಿತಗಳು ನಡೆದೇ ಇದ್ದವು. ಹಗಲು ಕಲಬುರಗಿಯ ಅಂಗಡಿಯೊಂದರಲ್ಲಿ ಸೀರೆ ಮಡಚುವ ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಓದಿ ಅವಳು ಶಿಕ್ಷಕಿಯಾದವಳು. ಹಗಲು ಕಾಲೇಜಿನವರಿಗೆ ಹೇಳಿಕೊಟ್ಟ ಯಾವುದೋ ಒಂದು ಪಾಠ ತನಗೆ ತಪ್ಪಿದೆ, ಅದು ಎಂದಾದರೂ ಎಲ್ಲರ ಮುಂದೆ ಬಯಲಾಗುತ್ತದೆ ಎಂಬ ಅಂಜಿಕೆ ಹದಿನಾಲ್ಕು ವರ್ಷ ನೌಕರಿಯಾದರೂ ಹೋಗಿರಲಿಲ್ಲ. ಇವತ್ತಿನದು ತಪ್ಪಿಹೋದ ಪಾಠವಲ್ಲ. ಗೊತ್ತಿದ್ದೂ ಬಿಟ್ಟದ್ದು. ಒಂಬತ್ತು ಜನ ಎಂದು ಬರೆದಿದ್ದಾಳೆ. ಅದರಲ್ಲಿ ಒಬ್ಬ ಅಲ್ಲಿಲ್ಲ. ಇಬ್ಬರು ಆ ಒಲೆಯಲ್ಲಿ ಉಣ್ಣುವುದಿಲ್ಲ.

ಅವಳು ಮೇಲ್ವಿಚಾರಕ ಅಣ್ಣಾರಾಯ ಸರ್‌ಗೆ ಫೋನ್ ಮಾಡಿದಳು. ಒಮ್ಮೆ ಕಳಿಸಿದ್ದನ್ನು ಅವರು ಹಿಂದಕ್ಕೆ ಕೊಟ್ಟರೆ ಮಾತ್ರ ತಿದ್ದಲು ಬರುತ್ತಿತ್ತು.

"ನೀವೂ ಶುರು ಮಾಡಿದ್ರೇನ್ರಿ ಬಾಯಿ?" ಎಂದರು ಅವರು. "ನಂದು ಆರು ಮಂದಿ ಗಣತಿದಾರರು. ಒಬ್ಬಾಂವ ಹಣಮಂದೇವರ ಗುಡ್ಯಾಗ ಟಿವಿ ಅದ, ಫ್ರಿಜ್ ಇಲ್ಲ ಅಂತ ಬರದಾನ. ಇನ್ನೊಬ್ಬಾಂವ ಒಂದೇ ಮನಿಗಿ ಎರಡು ಸಲ ಹೋಗ್ಯಾನ, ಎರಡು ಸಲಾನೂ ಬ್ಯಾರೆ ಬ್ಯಾರೆ ಬರಕೊಂಡಾನ. ನಿಮ್ದೊಂದು ಸರಿ ಅದ ಅಂತ ಸಮಾಧಾನ ಇತ್ತು ನನಗ."

"ತಪ್ಪಾಗೇದ್ರಿ ಸರ್."

"ಯಾರ ಮನಿ?" ಹೆಸರು ಕೇಳಿದ ಮೇಲೆ ಅವರು, "ನಿಮ್ಮ ಶಾಲಿ ಅಧ್ಯಕ್ಷರು ಅವರು. ಖಬರ್ ಅದ ಅಲ್ಲ?" ಎಂದರು.

"ಅದ ರೀ."

"ಈಗ ಅದು ಕಳಿಸಿದ ಮನಿ. ಯಾರೂ ನಿಮಗ ಕೇಳಂಗಿಲ್ಲ. ನಾನೂ ಕೇಳಂಗಿಲ್ಲ. ಆದ್ರ ನೀವು ಸುಮ್ಮ ಕೂಡೋ ಮಂದಿ ಅಲ್ಲ. ನಾಳಿ ಖುದ್ದ ಹೋಗಿ ಕಣ್ಲೆ ನೋಡ್ರಿ. ಢಾಬಾದಾಗಿನ ಮಾತು ಕೇಳಿ ತಿದ್ದಿದ್ರ ಅದು ಎರಡನೇ ತಪ್ಪು. ನೋಡಿ ಹೇಳ್ರಿ, ಹಿಂದಕ ಕೊಡ್ತೇನಿ."

ಮರುದಿನ ಮೊದಲ ಬಸ್ಸಿಗೇ ಅವಳು ಬಂದಳು. ವಾಡೆಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಗೆ ತಿರುಗಿದಳು. ಐದು ವರ್ಷ ಈ ಊರಿನ ಶಾಲೆಯಲ್ಲಿ ಕಲಿಸಿಯೂ ಆ ಓಣಿಗೆ ಅವಳು ಒಮ್ಮೆಯೂ ಬಂದಿರಲಿಲ್ಲ. ಕೊಟ್ಟಿಗೆಯ ಗೋಡೆ ಒಡೆದು ಒಂದು ಬಾಗಿಲು ಕೂಡಿಸಿದ್ದರು. ಪಕ್ಕದಲ್ಲಿ ತೊಗರಿ ಕಟ್ಟಿಗೆ ಆಳೆತ್ತರ ಒಟ್ಟಿತ್ತು. ತಗಡಿನ ಮಾಡಿನ ಸಂದಿಯಿಂದ ಹೊಗೆ ಬರುತ್ತಿತ್ತು. ಹೊಸ್ತಿಲಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ರೊಟ್ಟಿಗಳನ್ನು ಬಿಸಿಲಿಗೆ ಒಂದೊಂದಾಗಿ ನಿಲ್ಲಿಸುತ್ತಿದ್ದಳು. ಜಯಮಾಲಾಳದೇ ತರಗತಿಯ ಸಾನಿಕಾ.

"ಅವ್ವಾ, ನಮ್ಮ ಟೀಚರ್!" ಎಂದು ಹುಡುಗಿ ಒಳಗೆ ಓಡಿದಳು.

ಭುವನೇಶ್ವರಿ ಒಲೆಯ ಮುಂದಿನಿಂದ ಏಳಲಿಲ್ಲ. ಹಲಗೆಯ ಮೇಲಿನ ರೊಟ್ಟಿಯನ್ನು ಅಂಗೈಯಿಂದ ತಿರುಗಿಸುತ್ತಲೇ, "ಒಳಗ ಬರ್ರಿ ಅಕ್ಕೋರ. ಹಂಚು ಕಾದದ, ಬಿಟ್ಟ ಏಳಾಕ ಬರಂಗಿಲ್ಲ," ಎಂದಳು. ಮೂವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಮೊಣಕೈತನಕ ಹಿಟ್ಟು.

ಜಯಮಾಲಾ ಮಣೆಯ ಮೇಲೆ ಕೂತು ಮೊಬೈಲು ತೆಗೆದಳು. ಮಾತು ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಮರೆತಿತ್ತು. "ನಿನ್ನೆ ಮುಂದಿನ ಬಾಗಿಲಿಗೆ ಬಂದಿದ್ದೆ," ಎಂದಳು.

"ಗೊತ್ತದ್ರಿ. ನಿಮ್ಮ ಬೆನ್ನ ಹಿಂದೇ ಇದ್ದೆ, ಈ ಗ್ವಾಡಿ ಆಚಿ." ಭುವನೇಶ್ವರಿ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಒಂದೇ ಒಲಿ ಅಂದ್ರಲ್ಲ ನಮ್ಮ ಮಾವ, ಅದು ಕೇಳಿದೆ. ಆಮ್ಯಾಲ ಬೇಕಂತಲೇ ಜೋರ ಬಡದೇನಿ. ಎರಡು ರೊಟ್ಟಿ ಹರದು ಹೋದವು. ಅಕ್ಕೋರು ಎದ್ದು ಬರ್ತಾರ, ಈಗ ಬರ್ತಾರ ಅಂತ ಬಾಗಿಲಾ ನೋಡಿದ್ದೇ ನೋಡಿದ್ದು. ನೀವು ಚಾ ಕುಡದು ಹೋದ್ರಿ."

ಜಯಮಾಲಾಳ ಮುಖಕ್ಕೆ ಬಿಸಿ ಏರಿತು. ಒಲೆ ಹತ್ತಿರವಿದ್ದುದು ಒಳ್ಳೆಯದಾಯಿತು. "ಕೇಳಿಸಿತ್ತವ್ವ," ಎಂದಳು. "ಕೇಳಿಸಿದ್ರೂ ಹೋದೆ. ಅದಕ್ಕ ಬಂದೇನಿ."

ಭುವನೇಶ್ವರಿ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದಳು.

"ಆದ್ರ ಒಂದು ಮಾತು ಮೊದಲೇ ಹೇಳ್ತೇನಿ. ಇದರಿಂದ ನಿನಗ ಬ್ಯಾರೆ ರೇಶನ್ ಕಾರ್ಡ ಬರಂಗಿಲ್ಲ, ಸಿಲಿಂಡರ ಬರಂಗಿಲ್ಲ. ಮನಿ ಪಾಲಿಗೆ ಇದು ಕಾಗದಪತ್ರ ಅಲ್ಲ. ಎಷ್ಟು ಮನಿ, ಎಷ್ಟು ಮಂದಿ ಅಂತ ಲೆಕ್ಕ, ಅಷ್ಟೇ. ನಿನ್ನ ಹೆಸರು ಯಾರಿಗೂ ತೋರಸಂಗಿಲ್ಲ. ಏನೋ ಸಿಗ್ತದಂತ ಮಾವನ ಜೋಡಿ ಜಗಳ ತಕ್ಕೋಬ್ಯಾಡ."

"ಏನೂ ಬ್ಯಾಡ್ರಿ." ರೊಟ್ಟಿ ಉಬ್ಬಿತು. ಅದನ್ನು ತಿರುವಿ ಒತ್ತುತ್ತ ಭುವನೇಶ್ವರಿ ಹೇಳಿದಳು: "ಎರಡು ವರ್ಷ ಆತ್ರಿ ಈ ಒಲಿ ಹೂಡಿ. ಓಣಿ ಮಂದಿ ನೋಡ್ತಾರ, ಢಾಬಾದಾಗ ತಿಂತಾರ. ಕೇಳಿದ್ರ ಎಲ್ಲಾರೂ ಸಾವ್ಕಾರ್ರ ಮನ್ಯಾಗ ಒಂದೇ ಒಲಿ ಅಂತಾರ. ನಾ ಖರೇನೇ ಇಲ್ಲಿ ಇದ್ದೇನೋ ಇಲ್ಲೋ ಅಂತ ಒಮ್ಮೊಮ್ಮಿ ನನಗೇ ಸಂಶೇ ಬರ್ತದ. ಎಲ್ಲೆರೆ ಒಂದ ಕಡಿ ಬರದಿರಲಿ ಅಂತ, ಅಷ್ಟೇ."

ಜಯಮಾಲಾ ಪ್ರಶ್ನೆಗಳನ್ನು ಕೇಳಿದಳು. ನೆಲ ಮಣ್ಣು. ಮಾಡು ತಗಡು. ಉರವಲು ತೊಗರಿ ಕಟ್ಟಿಗೆ. ಜನ ಇಬ್ಬರು. ಸದ್ಯಕ್ಕೆ ವಹಿಯಲ್ಲಿ ಬರೆದುಕೊಂಡಳು.

"ಕುಟುಂಬದ ಯಜಮಾನರ ಹೆಸರು?"

"ನಂದು ಬರೀಲಿಕ್ಕಿ ಬರ್ತದೇನ್ರಿ?"

"ಬರ್ತದ."

"ಭುವನೇಶ್ವರಿ ಅಂತ ಬರೀರಿ," ಎಂದು ಸಾನಿಕಾ ಮಧ್ಯೆ ಬಾಯಿ ಹಾಕಿದಳು. "ಶ ಕೆಳಗ ವ ಬರ್ತದ ಟೀಚರ್."

ಮೂವರೂ ನಕ್ಕರು. ನಗು ಮುಗಿದ ಮೇಲೆ ಒಂದು ಪ್ರಶ್ನೆ ಉಳಿದಿತ್ತು. ಜಯಮಾಲಾ ಅದನ್ನು ಮೂರು ಸಲ ಓದಿಕೊಂಡಳು. "ಇಲ್ಲಿ ಇರೋ ಜೋಡಿ ಎಷ್ಟು, ಗಂಡ-ಹೆಂಡ್ತಿ?"

ಭುವನೇಶ್ವರಿ ಹಂಚಿನ ಮೇಲಿನ ರೊಟ್ಟಿ ಪೂರ್ತಿ ಬೇಯಿಸಿದಳು. ಅದನ್ನು ತೆಗೆದು ಮಗಳ ಕೈಗೆ ಕೊಟ್ಟು, "ಹೊರಗ ಇಟ್ಟು ಬಾ ಬೇ," ಎಂದಳು. ಹುಡುಗಿ ಹೊಸ್ತಿಲು ದಾಟಿದ ಮೇಲೆ, "ಸೊನ್ನಿ ಬರೀರಿ," ಎಂದಳು.

ಮುಂದಿನ ಬಾಗಿಲಿಗೆ ಸುತ್ತಿ ಬರುವಾಗ ಜಯಮಾಲಾಳ ಕಾಲು ಎರಡು ಸಲ ನಿಂತಿತು. ಮಾರ್ಕರಿನ ಮುಚ್ಚಳ ತೆಗೆದಳು, ಹಾಕಿದಳು. ಸಾವ್ಕಾರರು ಒಂದು ಮಾತು ಹೇಳಿ ಜೂನಿನಲ್ಲಿ ತನ್ನನ್ನು ಜೇವರ್ಗಿಯ ಯಾವುದೋ ತುದಿಯ ಊರಿಗೆ ಹಾಕಿಸಬಹುದು. ಹಾಕಿಸಲಿಕ್ಕೂ ಇಲ್ಲ. ಇದ್ದಲ್ಲೇ ಇರಿಸಿಕೊಂಡು ಪ್ರತಿ ಸಭೆಯಲ್ಲಿ ನಗಬಹುದು. ಯಾವುದು ಹೆಚ್ಚು ಕಷ್ಟ ಎಂದು ಅವಳಿಗೆ ತಿಳಿಯಲಿಲ್ಲ.

ಸಾವ್ಕಾರರು ನಿನ್ನೆಯ ಕುರ್ಚಿಯಲ್ಲೇ, ೫೨ರ ಕೆಳಗೆ, ಗೋಡೆಗೆ ಒರಗಿ ಕೂತಿದ್ದರು. "ಏನ ಅಕ್ಕೋರ, ಮತ್ತ ಬಂದ್ರಿ?"

"ಒಂದು ತಪ್ಪಾಗೇದ್ರಿ. ತಿದ್ದಬೇಕು."

"ಯಾರ ತಪ್ಪು?"

"ನಂದೇರಿ. ಸುತ್ತು ಹಾಕಿ ನೋಡಿ ಬರೀಬೇಕಿತ್ತು. ನೋಡ್ಲಿಲ್ಲ. ಈಗ ಹಿಂದ ನೋಡಿ ಬಂದೆ."

ಅವರ ಮುಖ ಬಿಗಿದುಕೊಂಡಿತು. "ಅಂದ್ರ ನಾ ಸುಳ್ಳು ಹೇಳಿದೆ ಅಂತೀರಿ."

"ಹಂಗ ಅನ್ನಂಗಿಲ್ರಿ. ಬ್ಯಾರೆ ಬಾಗಿಲದ, ಬ್ಯಾರೆ ಒಲಿ ಅದ. ಬ್ಯಾರೆನೇ ಬರೀಬೇಕಂತ ನಮಗ ಹೇಳ್ಯಾರ."

"ನಿಮ್ಮ ಶಾಲಿ ಎರಡು ಖೋಲಿಗೆ ಜಾಗ ಕೊಟ್ಟಾಂವ ಯಾರು?"

"ನೀವೇರಿ."

"ಅದನ್ನೂ ಬರಕೋರಿ ಮತ್ತ, ಅಲ್ಲೇ ಎಲ್ಲೆರೆ."

ಜಯಮಾಲಾ ಕಟ್ಟೆಯ ಬಳಿಯೇ ನಿಂತಳು. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಿತ್ತು. ಒಳಗಿನ ಕತ್ತಲಿನಿಂದ ಸುಭದ್ರಾಬಾಯಿಯ ದನಿ ಬಂತು. "ಇದ್ದದ್ದು ಬರೀಲಿ ಬಿಡ್ರಿ. ದಿನಾ ಹೊತ್ತು ಮೂಡೂದ್ರಾಗ ಆ ಹೊಗಿ ನಮ್ಮ ಮಾಳಿಗಿ ಮ್ಯಾಲೇ ಹಾದು ಹೋಗ್ತದ. ಊರಿಗಿ ಕಾಣಂಗಿಲ್ಲೇನು?"

"ನೀ ಸುಮ್ಕಿರ ಬೇ."

"ಸುಮ್ನೇ ಇದ್ದೇನಿ. ಎರಡು ವರ್ಷ ಆತು."

ಸಾವ್ಕಾರರು ತಲೆಯ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಟೊಪ್ಪಿಗೆ ಇಲ್ಲದೆ ಅವರ ತಲೆ ಚಿಕ್ಕದಾಗಿ ಕಂಡಿತು. "ಇಲ್ಲಿ ಎಷ್ಟು ಬರೀತೀರಿ?"

"ಇಲ್ಲಿ ಆರು ಮಂದಿ. ಹಿಂದ ಇಬ್ಬರು."

"ಆರು ಎರಡು ಎಂಟು."

"ಹೌದ್ರಿ."

"ನಾ ಒಂಬತ್ತು ಹೇಳಿದ್ದೆ."

ಅವಳು ಕೈಯಲ್ಲಿದ್ದ ಮಾರ್ಕರನ್ನು ನೋಡುತ್ತ ನಿಂತಳು. ಹೇಳಬೇಕಾದ್ದು ಗೊತ್ತಿತ್ತು. ತರಬೇತಿಯ ಪುಸ್ತಕದಲ್ಲಿ ಅದು ಒಂದೇ ಸಾಲು. "ಇಲ್ಲಿ ವಾಸ ಇಲ್ಲದವ್ರನ್ನ ಇಲ್ಲಿ ಬರಿಯಂಗಿಲ್ರಿ," ಎಂದಳು. "ಎಲ್ಲಿ ಇರ್ತಾರೋ ಅಲ್ಲಿ ಬರೀತಾರ. ಬಿಟ್ಟು ಹೋಗಂಗಿಲ್ಲ."

"ಬಾರ್ಶಿಯಾಗೂ ಬರೀತಾರ?"

"ಅಲ್ಲೂ ನನ್ನಂಗ ಯಾರೋ ಮನಿ ಮನಿಗಿ ಹೋಗ್ತಿರ್ತಾರ್ರಿ."

"ಇವೇ ಮಾತು ಕೇಳ್ತಾರ?"

"ಇವೇ."

"ಜೋಡಿ ಎಷ್ಟು ಅಂತಾನೂ?"

"ಹೌದ್ರಿ."

ಅವರು ರಸ್ತೆಯ ಕಡೆ ನೋಡಿದರು. ದೂರದಲ್ಲಿ ಒಂದು ಲಾರಿ ಗೇರು ಬದಲಿಸಿ ಗಡಿಯ ಏರು ಹತ್ತುತ್ತಿತ್ತು. ಅದರ ಸದ್ದು ಅಡಗಿತು. ಆಮೇಲೆ ಅವರು ಕುರ್ಚಿಯ ಕೈ ಹಿಡಿದು ಎದ್ದರು. ಕುರ್ಚಿಯನ್ನು ಎರಡೂ ಕೈಯಿಂದ ಎತ್ತಿ, ಗೋಡೆ ಬಿಟ್ಟು ಆಚೆ, ಬಿಸಿಲಿನಲ್ಲಿ ಇಟ್ಟು, ಅವಳಿಗೆ ಬೆನ್ನು ಮಾಡಿ ಕೂತರು.

ಜಯಮಾಲಾ ಅಣ್ಣಾರಾಯ ಸರ್‌ಗೆ ಫೋನ್ ಮಾಡಿ ಎರಡೇ ಮಾತು ಹೇಳಿದಳು. ಗೋಡೆಯ ಮೇಲಿನ ೫೨ರ ಪಕ್ಕ ಕಂಸ ಹಾಕಿ ಒಂದು ಎಂದು ಬರೆದಳು. ಕಲ್ಲಿನ ಉಬ್ಬಿಗೆ ಕಂಸ ಸೊಟ್ಟಗಾಯಿತು. ಹಾಗೇ ಬಿಟ್ಟಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಐವತ್ತೆರಡನೇ ಮನೆ ಮತ್ತೆ ತೆರೆದುಕೊಂಡಿತು. ಒಂಬತ್ತನ್ನು ಆರು ಮಾಡಿದಳು, ಮೂರನ್ನು ಎರಡು ಮಾಡಿದಳು. ಹೋಗುವ ಮುನ್ನ ಏನಾದರೂ ಹೇಳಬೇಕೆನ್ನಿಸಿ ಸಾವ್ಕಾರರ ಬೆನ್ನ ಹಿಂದೆ ನಿಂತಳು. ಮಾರ್ಕರಿನ ಮುಚ್ಚಳ ಹಾಕಿ ನಡೆದಳು.

ಹಿಂದಿನ ಓಣಿಗೆ ಬಂದಾಗ ಒಲೆ ಆರಿತ್ತು. ಅಂದಿನ ರೊಟ್ಟಿ ಮುಗಿಸಿ ಭುವನೇಶ್ವರಿ ಕೆಮ್ಮಣ್ಣು, ಸಗಣಿ ಕಲಸಿಕೊಂಡು ಬಾಗಿಲ ಪಕ್ಕದ ಗೋಡೆ ಸಾರಿಸುತ್ತಿದ್ದಳು. ಅರ್ಧ ಗೋಡೆ ಹಸಿಯಾಗಿತ್ತು. ಜಯಮಾಲಾ ಒಣಗಿದ ಕಡೆ ಜಾಗ ಹುಡುಕಿ ಬರೆದಳು: ೫೨, ಕಂಸದಲ್ಲಿ ಎರಡು. ಮಣ್ಣಿನ ಗೋಡೆಯ ಮೇಲೆ ಮಾರ್ಕರು ಸರಿಯಾಗಿ ಹರಿಯದೆ ಅಂಕಿಗಳ ಮೇಲೆ ಎರಡು ಸಲ ಎಳೆಯಬೇಕಾಯಿತು. ಮೊಬೈಲಿನಲ್ಲಿ ಎಲ್ಲ ತುಂಬಿ ಕಳಿಸು ಎಂದು ಒತ್ತಿದಳು. ಟವರು ಆಚೆಗೆ ಜಿಗಿದಿತ್ತು. ಸಣ್ಣ ಚಕ್ರ ಪರದೆಯಲ್ಲಿ ಸುತ್ತುತ್ತಲೇ ಇತ್ತು.

"ಹೋತೇನ್ರಿ?" ಎಂದಳು ಭುವನೇಶ್ವರಿ.

"ಹೋಗಾಕತ್ತದ."

ಜಯಮಾಲಾ ಮೊಬೈಲನ್ನು ಎತ್ತಿ ಹಿಡಿದು ಓಣಿಯಲ್ಲಿ ಈ ಕಡೆ ನಾಲ್ಕು ಹೆಜ್ಜೆ, ಆ ಕಡೆ ನಾಲ್ಕು ಹೆಜ್ಜೆ ಓಡಾಡಿದಳು. ಸಾನಿಕಾ ಬೆರಳಿನಿಂದ ಗಾಳಿಯಲ್ಲಿ ಆ ಅಂಕಿಗಳನ್ನು ತಿದ್ದುತ್ತಿದ್ದಳು. ಭುವನೇಶ್ವರಿ ಮತ್ತೆ ಕೆಮ್ಮಣ್ಣಿನ ಬುಟ್ಟಿಗೆ ಕೈ ಹಾಕಿ ಸಾರಿಸತೊಡಗಿದಳು. ಕೈ ಸಂಖ್ಯೆಯ ಹತ್ತಿರ ಬಂದಾಗ ಅಂಗೈ ಬಿಟ್ಟು, ಒಂದೇ ಬೆರಳಿನಿಂದ, ಅದರ ಸುತ್ತ ನಿಧಾನವಾಗಿ ಕೆಮ್ಮಣ್ಣು ಎಳೆದಳು.